ಪುಸ್ತಕಾಲಯಕ್ಕೆ ಬಂದ ಅಜ್ಜಿಯ ಕಥೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿವರ್ಷವೂ ಸೆಪ್ಟೆಂಬರು ೧೫ರಿಂದ ಅಕ್ಟೋಬರು ೧೫ರ ವರೆಗೆ ಹಿಸ್ಪಾನಿಕ್ ಪರಂಪರೆಯ ಮಾಸವೆಂಬ ಆಚರಣೆ ನಡೆಯುತ್ತದೆ. ಆ ಕಾಲದಲ್ಲಿ ಅನೇಕ ಊರುಗಳ ಸಾರ್ವಜನಿಕ ಪುಸ್ತಕಾಲಯಗಳು ಸ್ಪ್ಯಾನಿಷ್ ಭಾಷೆಯ ಗ್ರಂಥಗಳನ್ನೂ ಚಿತ್ರಪಟಗಳನ್ನೂ ಕೈಕೆಲಸದ ವಸ್ತುಗಳನ್ನೂ ಒಪ್ಪವಾಗಿ ಜೋಡಿಸಿ ಪ್ರದರ್ಶನಗಳನ್ನು ಏರ್ಪಡಿಸುತ್ತವೆ. ಸಂಗೀತ, ನೃತ್ಯ, ಉಪನ್ಯಾಸ, ಮಕ್ಕಳಿಗೆ ಕಥಾಶ್ರವಣ, ಇವೂ ಇರುತ್ತವೆ. ಅಷ್ಟು ದೂರದ ಈ ಸಂಗತಿ ನಮ್ಮ ಮನೆಯ ಜಗಲಿಗೆ ಏತಕ್ಕೆ ಬರಬೇಕು ಎಂದು ವಾಚಕರು ಕೇಳಬಹುದು. ಈ ಮಾಸವು ಹುಟ್ಟುವುದಕ್ಕೆ ಬಹಳ ಹಿಂದೆಯೇ, ಅಜ್ಜಿಯ ಬಾಯಿಂದ ಕೇಳಿದ್ದ ಒಂದು ಜಿರಲೆಯ ಕಥೆಯನ್ನೇ ಮೂಲಧನವಾಗಿಟ್ಟುಕೊಂಡು, ಒಬ್ಬ ಹೆಣ್ಣುಮಗಳು ನ್ಯೂಯಾರ್ಕ್ ನಗರದ ಪುಸ್ತಕಾಲಯದ ಬಾಗಿಲನ್ನು ತನ್ನ ಜನಕ್ಕೆ ತೆರೆದುಕೊಟ್ಟಳು. ಆಕೆಯ ವೃತ್ತಾಂತವನ್ನು ಬಲ್ಲವರು ನಮ್ಮಲ್ಲಿ ವಿರಳ. ಮನೆಮಾತನ್ನು ಮಕ್ಕಳಿಗೆ ಉಳಿಸಬೇಕೆಂಬ ಚಿಂತೆಯಿರುವ ಗೃಹಸ್ಥರೆಲ್ಲರಿಗೂ ಅದು ಉಪಯುಕ್ತವಾದೀತೆಂದು ಬರೆಯುತ್ತಿದ್ದೇವೆ.

ಮೊದಲು ಶಬ್ದದ ವಿಚಾರ. ಈಗಿನ ಸ್ಪೇನ್, ಪೋರ್ಚುಗಲ್ ದೇಶಗಳಿರುವ ಪರ್ಯಾಯದ್ವೀಪವನ್ನು ಪ್ರಾಚೀನ ರೋಮಕರು ಹಿಸ್ಪಾನಿಯಾ ಎಂದು ಕರೆಯುತ್ತಿದ್ದರು. ಅದರಿಂದ ಬಂದುದು ಹಿಸ್ಪಾನಿಕ್. ಹದಿನೈದನೆಯ ಶತಮಾನದ ಕೊನೆಯಿಂದ ಸ್ಪೇನಿನವರು ಸಮುದ್ರವನ್ನು ದಾಟಿ ರಾಜ್ಯ ಕಟ್ಟಿದ ಎಡೆಗಳಲ್ಲಿ ಅವರ ಭಾಷೆ ಬೇರೂರಿ ನಿಂತಿತು. ರಾಜ್ಯ ಹೋದ ಮೇಲೂ ಅದು ಹೋಗಲಿಲ್ಲ. ಮೆಕ್ಸಿಕೊ, ಕ್ಯೂಬಾ, ಗ್ವಾಟೆಮಾಲಾ, ಕೊಲಂಬಿಯಾ ಎಂದು ಮುಂತಾಗಿ ನಾನಾ ದೇಶಗಳ ಮೂಲದವರಾಗಿ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿರುವ ಜನರನ್ನು ಈ ಒಂದು ಹೆಸರಿನಿಂದ ಕರೆಯುತ್ತಾರೆ. ೨೦೨೦ನೆಯ ಇಸವಿಯ ಜನಗಣತಿಯಂತೆ ಅವರ ಸಂಖ್ಯೆ ಸುಮಾರು ೬ ಕೋಟಿ ೨೧ ಲಕ್ಷ. ಹೆಸರು ಒಂದಾದರೂ ಜನ ಒಂದೇ ಬಗೆಯವರಲ್ಲ. ಈ ಹೆಸರನ್ನೇ ಒಪ್ಪದೆ ಲ್ಯಾಟಿನೋ ಎಂದು ಕರೆಸಿಕೊಳ್ಳುವವರೂ ಇದ್ದಾರೆ. ೧೯೬೮ರಲ್ಲಿ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ನರ ಕಾಲದಲ್ಲಿ ಈ ಆಚರಣೆ ಒಂದು ವಾರದ್ದಾಗಿ ಮೊದಲಾಯಿತು. ೧೯೮೮ರಲ್ಲಿ ಕಾನೂನಿನಿಂದ ತಿಂಗಳಿಗೆ ವಿಸ್ತಾರವಾಯಿತು. ತಿಂಗಳ ನಡುವಿನಲ್ಲಿ ಆರಂಭವಾಗುವುದಕ್ಕೆ ಕಾರಣವುಂಟು. ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ, ಕೋಸ್ಟಾ ರಿಕಾ ಎಂಬ ಐದು ದೇಶಗಳು ೧೮೨೧ನೆಯ ಇಸವಿ ಸೆಪ್ಟೆಂಬರು ೧೫ರಂದು ಸ್ವಾತಂತ್ರ್ಯವನ್ನು ಸಾರಿದವು. ಮೆಕ್ಸಿಕೊ ದೇಶದ ಸ್ವಾತಂತ್ರ್ಯದ ಹಬ್ಬ ೧೬ರಂದು, ಚಿಲಿ ದೇಶದ್ದು ೧೮ರಂದು.

ಈ ದಿನಗಳ ಪಟ್ಟಿಯಲ್ಲಿ ಪೋರ್ಟೊ ರಿಕೊ ದ್ವೀಪದ ದಿನವಿಲ್ಲ. ಇರುವಂತೆಯೂ ಇಲ್ಲ, ಆ ದ್ವೀಪ ಸ್ವತಂತ್ರವಾಗಲೇ ಇಲ್ಲ. ೧೮೯೮ರ ಯುದ್ಧದ ತರುವಾಯ ಅದು ಸ್ಪೇನಿನ ಕೈಯಿಂದ ಸಂಯುಕ್ತ ಸಂಸ್ಥಾನಗಳ ಕೈಗೆ ಸೇರಿತು. ೧೯೧೭ರಲ್ಲಿ ದ್ವೀಪದ ಜನರಿಗೆ ಆ ದೇಶದ ಪೌರತ್ವ ದೊರೆಯಿತು. ಜೀವನೋಪಾಯವನ್ನು ಅರಸಿಕೊಂಡು ಸಂಸಾರಗಳು ಹಡಗು ಹತ್ತಿ ನ್ಯೂಯಾರ್ಕಿಗೆ ಬರತೊಡಗಿದವು. ಇತ್ತ ದ್ವೀಪದ ಶಾಲೆಗಳಲ್ಲಿ ಹೊಸ ಪ್ರಭುಗಳು ಇಂಗ್ಲಿಷನ್ನು ಬೋಧನ ಭಾಷೆಯಾಗಿ ಹೇರಲು ಬಗೆಬಗೆಯ ಪ್ರಯತ್ನಗಳನ್ನು ಮಾಡಿದರು. ಒಂದು ಕಾಲಕ್ಕೆ ಎಲ್ಲ ತರಗತಿಗಳಲ್ಲಿ, ಇನ್ನೊಂದು ಕಾಲಕ್ಕೆ ಮೇಲಿನ ತರಗತಿಗಳಲ್ಲಿ, ಹೀಗೆ ನಿಯಮ ಬದಲಾಗುತ್ತ ಹೋಗಿ, ೧೯೪೦ರ ದಶಕದ ಕೊನೆಗೆ ಮಾತ್ರ ಸ್ಪ್ಯಾನಿಷ್ ಭಾಷೆ ತನ್ನ ಸ್ಥಾನಕ್ಕೆ ಮರಳಿತು. ಮಗು ಹಸಿವೆಂದು ಅಳುವುದು ಒಂದು ಭಾಷೆಯಲ್ಲಿ, ಮಗ್ಗಿ ಒಪ್ಪಿಸುವುದು ಇನ್ನೊಂದು ಭಾಷೆಯಲ್ಲಿ ಎಂದಾದರೆ, ಬುದ್ಧಿಯಲ್ಲಿ ಏನೂ ಕೊರತೆಯಿಲ್ಲದ ಮಗುವೂ ತರಗತಿಯಲ್ಲಿ ಮಂಕಾಗಿ ಕುಳಿತಿರುವುದನ್ನು ಉಪಾಧ್ಯಾಯವೃತ್ತಿಯಲ್ಲಿ ಆಯುಷ್ಯವನ್ನು ಸವೆಸಿದ ನಾವು ನಮ್ಮ ನಾಡಿನಲ್ಲಿಯೇ ಕಂಡಿದ್ದೇವೆ.

ಆ ದ್ವೀಪದ ಸೀದ್ರಾ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಪೂರಾ ಬೆಲ್‌ಪ್ರೇ ಅವರು ಹುಟ್ಟಿದರು. ಉಪಾಧ್ಯಾಯಿನಿಯಾಗಬೇಕೆಂದು ರಿಯೋ ಪಿಯೆದ್ರಾಸಿನ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವರು, ೧೯೨೦ರಲ್ಲಿ ಸೋದರಿಯ ಮದುವೆಗೆಂದು ನ್ಯೂಯಾರ್ಕಿಗೆ ಬಂದರು. ಮದುವೆ ಮುಗಿಯಿತು, ಆಕೆ ಅಲ್ಲಿಯೇ ನಿಂತರು. ಮೊದಲು ದೊರೆತ ಕೆಲಸ ಬಟ್ಟೆ ಹೊಲಿಯುವ ಕಾರ್ಖಾನೆಯದು.

ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಾಲಯಕ್ಕೆ ನಗರದ ನಾನಾ ಬೀದಿಗಳಲ್ಲಿ ಶಾಖೆಗಳುಂಟು. ಹಾರ್ಲೆಂ ಎಂಬ ಭಾಗದಲ್ಲಿ ೧೩೫ನೆಯ ಬೀದಿಯ ಶಾಖೆಗೆ ಅರ್ನೆಸ್ಟೀನ್ ರೋಸ್ ಎಂಬವರು ಮುಖ್ಯಸ್ಥೆಯಾಗಿದ್ದರು. ಬೇರೆ ಬೇರೆ ದೇಶಗಳಿಂದ ಬಂದವರ ನಡುವೆ ಕೆಲಸಮಾಡಿ ಅನುಭವವಿದ್ದ ಈಕೆ ತಮ್ಮ ನೆರೆಯಲ್ಲಿ ಸ್ಪ್ಯಾನಿಷ್ ಮಾತನಾಡುವ ಸಂಸಾರಗಳು ಹೆಚ್ಚುತ್ತಿರುವುದನ್ನು ಗಮನಿಸಿ, ಆ ಭಾಷೆ ಬಲ್ಲ ಸಹಾಯಕಿಯೊಬ್ಬಳು ಬೇಕೆಂದು ಹುಡುಕಿದರು. ಕೆಲಸ ಮೊದಲು ಬಂದುದು ಪೂರಾ ಅವರ ಸೋದರಿಗೆ. ಆಕೆಯ ಪತಿ ಒಪ್ಪಲಿಲ್ಲ. ಹೀಗಾಗಿ ೧೯೨೧ರಲ್ಲಿ ಆ ಸ್ಥಾನ ಪೂರಾ ಅವರಿಗೆ ಸಿಕ್ಕಿತು. ಆ ಪುಸ್ತಕಾಲಯದ ಕೆಲಸಕ್ಕೆ ಸೇರಿದ ಪೋರ್ಟೊ ರಿಕೊದವರಲ್ಲಿ ಆಕೆಯೇ ಮೊದಲಿಗರು. ಒಬ್ಬ ಗೃಹಸ್ಥನು ಬೇಡವೆಂದದ್ದರಿಂದ ಒಂದು ಸಮಾಜಕ್ಕೇ ಉಪಕಾರವಾದ ಉದಾಹರಣೆಗಳು ಹೆಚ್ಚಿರಲಾರವು!

ಕೆಲಸಕ್ಕೆ ಸೇರಿದವರು ಮಕ್ಕಳ ವಿಭಾಗದ ಕಪಾಟುಗಳನ್ನು ನೋಡುತ್ತ ಬಂದರು. ಅಲ್ಲಿ ನಾನಾ ದೇಶಗಳ ಜನಪದ ಕಥೆಗಳಿದ್ದವು. ತಮ್ಮ ದ್ವೀಪದ ಕಥೆ ಒಂದೂ ಇರಲಿಲ್ಲ. ಅಜ್ಜಿ ಹೇಳುತ್ತಿದ್ದ ಕಥೆಗಳು ಅಜ್ಜಿಯ ಬಾಯಲ್ಲಿದ್ದುವೇ ಹೊರತು ಅಚ್ಚಿಗೆ ಬಂದಿರಲಿಲ್ಲ. ಆ ಪುಸ್ತಕಾಲಯದ ಕಥಾಕಾಲದಲ್ಲಿ ಅಚ್ಚಾದ ಪುಸ್ತಕದಿಂದ ಆರಿಸಿದ ಕಥೆಯನ್ನೇ ಹೇಳಬೇಕೆಂಬ ನಿಯಮವೂ ಇತ್ತು. ನಿಯಮದ ಉದ್ದೇಶ ಕೆಟ್ಟದ್ದಲ್ಲ. ಕಥೆ ಕೇಳಿದ ಮಗು ಪುಸ್ತಕವನ್ನು ಕೇಳಿ ಕೊಂಡೊಯ್ಯಲಿ ಎಂಬುದು ಅದರ ಆಶಯ. ಆದರೆ ಅಚ್ಚು ಕಾಣದ ಜನಕ್ಕೆ ಆ ನಿಯಮ ಬಾಯಿ ಕಟ್ಟಿದಂತೆ. ೧೯೨೬ರ ಸುಮಾರಿನಲ್ಲಿ ಪುಸ್ತಕಾಲಯದ ಶಿಕ್ಷಣಶಾಲೆಯಲ್ಲಿ ಕಥೆ ಹೇಳುವ ಕಲೆಯನ್ನು ಅಭ್ಯಾಸಮಾಡುತ್ತಿದ್ದಾಗ ಪೂರಾ ಅವರು ಅಜ್ಜಿಯ ಕಥೆಯೊಂದನ್ನು ಬರೆದು ಒಪ್ಪಿಸಿದರು. ಕೇಳಿದವರಿಗೆ ಅದು ಬಹಳ ಹಿಡಿಸಿತು. ಅಚ್ಚಾಗದಿದ್ದರೂ ಅದನ್ನು ಮಕ್ಕಳಿಗೆ ಹೇಳಲು ವಿಶೇಷವಾಗಿ ಅನುಮತಿ ದೊರೆಯಿತು.

ಕಥೆ ಹೀಗಿದೆ. ಮಾರ್ತೀನಾ ಎಂಬುದು ಒಂದು ಜಿರಲೆ. ಒಳ್ಳೆಯ ಮನೆತನದ, ಅಚ್ಚುಕಟ್ಟಾದ ಕನ್ಯೆ. ಮನೆ ಗುಡಿಸುತ್ತಿರುವಾಗ ಆಕೆಗೆ ಒಂದು ನಾಣ್ಯ ಸಿಕ್ಕುತ್ತದೆ. ಏನು ಕೊಳ್ಳಲಿ ಎಂದು ಬಹಳ ಯೋಚಿಸಿ, ಮುಖಕ್ಕೆ ಹಚ್ಚುವ ಪುಡಿಯನ್ನು ಕೊಂಡು, ಅಲಂಕರಿಸಿಕೊಂಡು, ಮೊಗಸಾಲೆಯಲ್ಲಿ ಕುಳಿತುಕೊಳ್ಳುತ್ತಾಳೆ. ಬೆಕ್ಕು, ಹುಂಜ ಮೊದಲಾದ ವರಮಹಾಶಯರು ಒಬ್ಬೊಬ್ಬರಾಗಿ ಬಂದು ಕೈಹಿಡಿಯಬೇಕೆಂದು ಬೇಡುತ್ತಾರೆ. ಆಕೆಯದು ಎಲ್ಲರಿಗೂ ಒಂದೇ ಪ್ರಶ್ನೆ: ಮದುವೆಯಾದ ಮೇಲೆ ನನ್ನೊಡನೆ ಹೇಗೆ ಮಾತನಾಡುವೆ? ಒಬ್ಬೊಬ್ಬರೂ ತಮ್ಮ ಕೂಗನ್ನು ಕೂಗಿ ತೋರಿಸುತ್ತಾರೆ. ಆಕೆ ಬೆದರಿ ಒಲ್ಲೆನೆನ್ನುತ್ತಾಳೆ. ಕಡೆಗೆ ಪೆರೆಸ್ ಎಂಬ ಇಲಿ ಮೃದುವಾಗಿ ಮಾತನಾಡಿ ಆಕೆಯ ಮನಸ್ಸನ್ನು ಗೆಲ್ಲುತ್ತಾನೆ. ಮದುವೆಯಾಗುತ್ತದೆ. ಕ್ರಿಸ್ತಜಯಂತಿಯ ಹಬ್ಬಕ್ಕೆ ಮಾರ್ತೀನಾ ಬಾದಾಮಿ ಹಾಕಿ ಅನ್ನದ ಸಿಹಿ ಅಡಿಗೆ ಮಾಡುತ್ತಾಳೆ. ಪೆರೆಸ್ ಬಾದಾಮಿಯ ಆಸೆಗೆ ಪಾತ್ರೆಯೊಳಕ್ಕೆ ಬಗ್ಗುತ್ತಾನೆ. ಕುದಿಯುವ ಅಡಿಗೆಯಲ್ಲಿ ಬಿದ್ದು ಸಾಯುತ್ತಾನೆ. ಮಾರ್ತೀನಾ ಅವನಿಗಾಗಿ ಅಳುತ್ತಾಳೆ, ಹಾಡುತ್ತಾಳೆ. ಅಷ್ಟಕ್ಕೆ ಕಥೆ ಮುಗಿಯುತ್ತದೆ. ಸತ್ತವನು ಎದ್ದು ಬರುವುದಿಲ್ಲ; ಆಸೆ ಕೆಟ್ಟದ್ದೆಂಬ ಉಪದೇಶವನ್ನು ಯಾರೂ ಮಾಡುವುದಿಲ್ಲ. ಮಕ್ಕಳಿಗೆ ದುಃಖಾಂತವಾದ ಕಥೆಯನ್ನು ಹೇಳಬಾರದೆಂಬ ಈಗಿನ ಸುಕುಮಾರ ಮತವನ್ನು ನಾವು ಒಪ್ಪಲಾರೆವು. ಅಜ್ಜಿಯರು ಅದನ್ನು ಎಂದೂ ಒಪ್ಪಿರಲಿಲ್ಲ.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಕನ್ಯೆ ವರನ ಕುಲವನ್ನು ವಿಚಾರಿಸಲಿಲ್ಲ, ಸಂಪತ್ತನ್ನು ಎಣಿಸಲಿಲ್ಲ, ಮಾತನ್ನು ಪರೀಕ್ಷಿಸಿದಳು. ಇನ್ನು ಹುಂಜದ ಕೂಗೆಂಬುದು ಲೋಕದಲ್ಲೆಲ್ಲ ಒಂದೇ ಆದರೂ ಒಂದೊಂದು ಭಾಷೆಯ ಜನ ಅದನ್ನು ಒಂದೊಂದು ಬಗೆಯಾಗಿ ಕೇಳುತ್ತಾರೆ. ಕನ್ನಡದಲ್ಲಿ ಅದು ಕೊಕ್ಕೊಕ್ಕೋ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕಿಕಿರಿಕೀ, ಇಂಗ್ಲಿಷಿನದೇ ಬೇರೆ. ಶಾಲೆಯಲ್ಲಿ ಬಾಯಿ ಬಿಡಲು ಅಂಜುವ ಪರದೇಶದ ಮಗುವಿಗೆ, ಆ ದೊಡ್ಡ ಕಟ್ಟಡದೊಳಗೆ, ತನ್ನ ಮನೆಯ ಹುಂಜ ಕೂಗಿದರೆ ಹೇಗಿರಬೇಕು! ಮೇಜಿನ ಗಾಜಿನೊಳಗೆ ಎಷ್ಟು ಬೆಲೆಬಾಳುವ ವಸ್ತುವನ್ನಿಟ್ಟರೂ ಆಗದ ಕೆಲಸ ಅದರಿಂದ ಆದೀತು.

ಕಥೆಯೂ ದ್ವೀಪದಲ್ಲಿಯೇ ಹುಟ್ಟಿದುದಲ್ಲ, ಸ್ಪೇನಿನಿಂದ ಹಡಗಿನಲ್ಲಿ ಬಂದುದು. ಸ್ಪೇನಿನ ಒಂದು ಪಾಠದಲ್ಲಿ ನಾಯಿಕೆ ಜಿರಲೆಯಲ್ಲ, ಇರುವೆ. ಪಾಠಾಂತರಗಳನ್ನು ಕಂಡರೆ ಸಂಸ್ಕೃತ ಓದಿದವರ ಮನಸ್ಸು ತಾನಾಗಿ ಹಿಂದಕ್ಕೆ ಹೋಗುತ್ತದೆ. ಸ್ಪೇನಿಗೂ ನಮಗೂ ನಡುವೆ ಕಥೆಯ ಒಂದು ಹಳೆಯ ದಾರಿಯಿದೆ. ನಮ್ಮ ಪಂಚತಂತ್ರ ಆರನೆಯ ಶತಮಾನದಲ್ಲಿ ಪಾರಸೀಕದ ಪಹ್ಲವಿ ಭಾಷೆಗೆ, ಎಂಟನೆಯ ಶತಮಾನದಲ್ಲಿ ಅಲ್ಲಿಂದ ಅರಬ್ಬಿಗೆ ಹೋಯಿತು. ಅರಬ್ಬಿಯಿಂದ ೧೨೫೧ರಲ್ಲಿ ಸ್ಪೇನಿನ ಅಲ್ಫೊನ್ಸೋ ಎಂಬ ರಾಜಕುಮಾರನ ಅಪ್ಪಣೆಯಂತೆ ಕಲೀಲಾ-ದಿಮ್ನಾ ಎಂಬ ಹೆಸರಿನಿಂದ ಆ ದೇಶದ ನುಡಿಗೆ ಇಳಿಯಿತು. ಈ ಕಲೀಲಾ-ದಿಮ್ನಾ ಯಾರೆಂದರೆ ನಮ್ಮ ಕರಟಕ-ದಮನಕರೇ! ಅದಕ್ಕೆ ಎರಡು ಶತಮಾನಗಳ ಹಿಂದೆಯೇ, ೧೦೩೧ರ ಸುಮಾರಿಗೆ, ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದನು. ಜಿರಲೆಯ ಕಥೆ ಪಂಚತಂತ್ರದಿಂದ ಬಂತೆಂದು ನಾವು ಹೇಳುತ್ತಿಲ್ಲ. ಕಥೆಗಳಿಗೆ ಸಮುದ್ರವನ್ನು ದಾಟಲು ಅಧಿಕಾರಪತ್ರ ಬೇಕಿಲ್ಲ, ಹೊತ್ತುಕೊಂಡು ಹೋಗುವ ಒಂದು ಬಾಯಿ ಬೇಕು ಎಂಬಷ್ಟೇ ನಮ್ಮ ಮಾತು.

ಬೆಲ್‌ಪ್ರೇ ಅವರು ೧೯೨೯ರಲ್ಲಿ ೧೧೫ನೆಯ ಬೀದಿಯ ಶಾಖೆಗೆ ಬಂದರು. ಆಕೆಯ ಹೆಸರನ್ನು ನಿಲ್ಲಿಸಿದ ಕೆಲಸ ಇಲ್ಲಿ ನಡೆಯಿತು. ಸ್ಪ್ಯಾನಿಷ್ ಪುಸ್ತಕಗಳನ್ನು ತರಿಸಿ ಕಪಾಟು ತುಂಬಿದರು. ಕಥಾಕಾಲವನ್ನು ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ನಡೆಸಿದರು. ಕಥೆಗೆ ಮೊದಲು ಒಂದು ಮೋಂಬತ್ತಿಯನ್ನು ಹಚ್ಚುವುದು, ಮುಗಿದ ಮೇಲೆ ಮಕ್ಕಳು ಮನಸ್ಸಿನಲ್ಲಿ ಏನಾದರೊಂದನ್ನು ಬಯಸಿ ಅದನ್ನು ಊದಿ ಆರಿಸುವುದು ಅಲ್ಲಿಯ ಸಂಪ್ರದಾಯ. ದೀಪವನ್ನು ಊದಿ ಆರಿಸುವುದು ನಮ್ಮವರಿಗೆ ಸರಿತೋರದು; ಇರಲಿ, ದೇಶಾಚಾರ. ಆಕೆ ತಮ್ಮ ಕೈಯಿಂದಲೇ ಗೊಂಬೆಗಳನ್ನು ಮಾಡಿ ಆಡಿಸಿದರು. ಮಾರ್ತೀನಾಳೂ ಪೆರೆಸನೂ ಗೊಂಬೆಗಳಾದರು. ಬರಲಾರದವರ ಬಳಿಗೆ ತಾವೇ ಹೋದರು. ದ್ವೀಪದವರು ಕಟ್ಟಿಕೊಂಡಿದ್ದ ಸಂಘಗಳ ಸಭೆಗಳಲ್ಲಿ ಕುಳಿತು, ಪುಸ್ತಕಾಲಯ ಇಂಗ್ಲಿಷ್ ಬಲ್ಲವರಿಗೆ ಮಾತ್ರವಲ್ಲವೆಂದು ತಿಳಿಸಿದರು. ಮಕ್ಕಳ ಕೈಹಿಡಿದು ತಾಯಂದಿರು ಬಂದರು. ಇಂಗ್ಲಿಷಿನ ಒಂದಕ್ಷರ ತಿಳಿಯದ ತಾಯಿಗೆ, ತನಗೆ ಅರ್ಥವಾಗುವ ಕಥೆಯನ್ನು ಸರ್ಕಾರಿ ಕಟ್ಟಡವೊಂದರಲ್ಲಿ ತನ್ನ ಮಗು ಕೇಳುತ್ತಿದೆ ಎಂಬುದೇ ಒಂದು ಮರ್ಯಾದೆ. ಆ ಶಾಖೆ ಕ್ರಮೇಣ ನಗರದ ಸ್ಪ್ಯಾನಿಷ್ ಜನರ ಸಂಸ್ಕೃತಿಯ ಕೇಂದ್ರವಾಯಿತು. ಮೆಕ್ಸಿಕೊ ದೇಶದ ಪ್ರಸಿದ್ಧ ಭಿತ್ತಿಚಿತ್ರಕಾರ ಡಿಯೆಗೊ ರಿವೇರಾ ಸಹ ಅಲ್ಲಿಗೆ ಬಂದಿದ್ದುಂಟು. ಅಜ್ಜಿಯ ಕಥೆ ೧೯೩೨ರಲ್ಲಿ ಪೆರೆಸ್ ಮತ್ತು ಮಾರ್ತೀನಾ ಎಂಬ ಪುಸ್ತಕವಾಗಿ ಅಚ್ಚಾಯಿತು. ಇನ್ನು ಅದನ್ನು ಹೇಳುವುದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

ಆಕೆ ಮೊದಲು ಕೆಲಸಕ್ಕೆ ಸೇರಿದ್ದ ೧೩೫ನೆಯ ಬೀದಿಯ ಶಾಖೆಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಪೋರ್ಟೊ ರಿಕೊದಲ್ಲಿಯೇ ೧೮೭೪ರಲ್ಲಿ ಹುಟ್ಟಿದ ಆರ್ತುರೊ ಶೋಂಬರ್ಗ್ ಎಂಬವರಿಗೆ ಬಾಲ್ಯದಲ್ಲಿ ಶಿಕ್ಷಕರೊಬ್ಬರು, ಕರಿಯ ಜನಕ್ಕೆ ಇತಿಹಾಸವೇ ಇಲ್ಲವೆಂದು ಹೇಳಿದರಂತೆ. ಆ ಮಾತಿಗೆ ಉತ್ತರವಾಗಿ ಅವರು ಆಯುಷ್ಯವೆಲ್ಲ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಚಿತ್ರಗಳನ್ನೂ ಕೂಡಿಹಾಕಿದರು. ೧೯೨೬ರಲ್ಲಿ ೧೦,೦೦೦ ಡಾಲರು ಕೊಟ್ಟು ಆ ಸಂಗ್ರಹವನ್ನು ಇದೇ ಶಾಖೆಗಾಗಿ ಕೊಂಡರು. ೧೯೩೨ರಿಂದ ೧೯೩೮ರಲ್ಲಿ ತೀರಿಕೊಳ್ಳುವ ವರೆಗೆ ಅವರೇ ಅದರ ಪಾಲಕರಾಗಿದ್ದರು. ಉಪಾಧ್ಯಾಯರಾದವರು ತರಗತಿಯಲ್ಲಿ ಆಡುವ ಮಾತು ಎಲ್ಲೆಲ್ಲಿ ಹೋಗಿ ಮುಟ್ಟುವುದೋ ಬಲ್ಲವರಾರು!

ದೊಡ್ಡ ಸಂಸ್ಥೆಗಳೂ ಸುಮ್ಮನಿರಲಿಲ್ಲ. ವಾಷಿಂಗ್ಟನ್ನಿನ ಕಾಂಗ್ರೆಸ್ ಪುಸ್ತಕಾಲಯದಲ್ಲಿ ೧೯೩೯ರಲ್ಲಿ ಹಿಸ್ಪಾನಿಕ್ ವಾಚನಮಂದಿರ ತೆರೆಯಿತು. ಬ್ರೆಜಿಲಿನ ಪೋರ್ಟಿನಾರಿ ಎಂಬ ಚಿತ್ರಕಾರರು ೧೯೪೧ರಲ್ಲಿ ಅದರ ಮುಮ್ಮಂಟಪದ ಗೋಡೆಗಳ ಮೇಲೆ ಚಿತ್ರಗಳನ್ನು ಬರೆದರು. ೧೯೪೩ರಿಂದ ಅಲ್ಲಿಯವರು ಕವಿಗಳ ದನಿಯನ್ನೇ ಮುದ್ರಿಸಿಡತೊಡಗಿದರು. ನೆರೂದಾ, ಬೋರ್ಹೆಸ್, ಗಾಬ್ರಿಯೆಲಾ ಮಿಸ್ತ್ರಾಲ್ ಮೊದಲಾದವರು ತಮ್ಮ ಕೃತಿಗಳನ್ನು ತಾವೇ ಓದಿದ ಧ್ವನಿ ಅಲ್ಲಿದೆ. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ೨೦೦೦ದಲ್ಲಿ ಆರಂಭವಾದ ರಾಷ್ಟ್ರೀಯ ಹಿಸ್ಪಾನಿಕ್ ಸಂಸ್ಕೃತಿ ಕೇಂದ್ರಕ್ಕೂ ಪುಸ್ತಕಾಲಯವಿದೆ. ಜನ ಅಲ್ಲಿ ತಮ್ಮ ವಂಶಾವಳಿಗಳನ್ನು ಹುಡುಕುತ್ತಾರೆ. ಇವೆಲ್ಲ ಶ್ಲಾಘ್ಯವಾದುವೇ. ಆದರೆ ಇವು ವಿದ್ವಾಂಸರೂ ದೊಡ್ಡವರೂ ಹುಡುಕಿಕೊಂಡು ಹೋಗತಕ್ಕ ಎಡೆಗಳು. ಏಳು ವರ್ಷದ ಹುಡುಗಿ ತಮ್ಮನ ಕೈಹಿಡಿದು ಸಂಜೆ ನಡೆದು ಹೋಗಬಲ್ಲುದು ಬೀದಿಯ ಶಾಖೆಗೆ.

ಬೆಲ್‌ಪ್ರೇ ಅವರ ಮುಂದಿನ ಜೀವನವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ೧೯೪೦ರಲ್ಲಿ ಪುಸ್ತಕಾಲಯಗಳವರ ಸಮ್ಮೇಳನವೊಂದರಲ್ಲಿ ತಮ್ಮ ಕೆಲಸವನ್ನು ಕುರಿತು ಪ್ರಬಂಧವೋದಲು ಸಿನ್ಸಿನಾಟಿಗೆ ಹೋಗಿದ್ದಾಗ, ವಯೊಲಿನ್ ವಾದಕರೂ ಸಂಗೀತರಚನಕಾರರೂ ಆದ ಕ್ಲಾರೆನ್ಸ್ ಕ್ಯಾಮರನ್ ವೈಟ್ ಅವರ ಪರಿಚಯವಾಯಿತು, ೧೯೪೩ರಲ್ಲಿ ಮದುವೆಯಾದರು. ಕೆಲಸ ಬಿಟ್ಟು ಪತಿಯೊಡನೆ ಸಂಚರಿಸುತ್ತ ಬರೆದರು. ೧೯೪೬ರಲ್ಲಿ ಹುಲಿ ಮತ್ತು ಮೊಲದ ಹೆಸರಿನ ಕಥಾಸಂಗ್ರಹ ಹೊರಬಂದಿತು. ೧೯೬೦ರಲ್ಲಿ ಪತಿ ತೀರಿಕೊಂಡರು. ಆಕೆ ಮತ್ತೆ ಪುಸ್ತಕಾಲಯಕ್ಕೆ ಬಂದು, ಸ್ಪ್ಯಾನಿಷ್ ಮಕ್ಕಳ ವಿಷಯದಲ್ಲಿ ತಜ್ಞೆಯಾಗಿ ನಗರವನ್ನೆಲ್ಲ ಸುತ್ತಿದರು. ೧೯೬೮ರಲ್ಲಿ ನಿವೃತ್ತಿ ಬಂತು, ವಿಶ್ರಾಂತಿ ಬರಲಿಲ್ಲ. ನಗರದ ಬಡ ಭಾಗವಾದ ದಕ್ಷಿಣ ಬ್ರಾಂಕ್ಸಿನಲ್ಲಿ ಗೊಂಬೆಯಾಟವನ್ನು ಹೂಡಿ ಪುನಃ ಮಕ್ಕಳ ನಡುವೆ ಕುಳಿತರು. ೧೯೮೨ನೆಯ ಇಸವಿ ಜುಲೈ ೧ರಂದು ದೈವಾಧೀನರಾದರು. ಹೊಲಹೊಲ ಸುತ್ತಿ ಸೇಬಿನ ಬೀಜ ಬಿತ್ತುತ್ತಿದ್ದ ಒಬ್ಬ ಅಲೆಮಾರಿಯ ಕಥೆ ಆ ದೇಶದಲ್ಲಿದೆ; ತಾನು ಅವನಂತೆ ಕಥೆಗಳನ್ನು ಬಿತ್ತಬೇಕೆಂದು ಆಕೆಗೆ ಬಾಲ್ಯದಿಂದಲೂ ಆಸೆಯಿತ್ತಂತೆ. ಆಕೆಯ ಕಾಗದಪತ್ರಗಳನ್ನು ನ್ಯೂಯಾರ್ಕಿನ ಹಂಟರ್ ಕಾಲೇಜಿನಲ್ಲಿರುವ ಪೋರ್ಟೊ ರಿಕೊ ಅಧ್ಯಯನ ಕೇಂದ್ರದಲ್ಲಿ ಕಾಪಾಡಿಟ್ಟಿದ್ದಾರೆ. ೧೯೯೬ರಿಂದ ಆಕೆಯ ಹೆಸರಿನಲ್ಲಿ ಲ್ಯಾಟಿನೋ ಲೇಖಕರ ಮತ್ತು ಚಿತ್ರಕಾರರ ಮಕ್ಕಳ ಪುಸ್ತಕಗಳಿಗೆ ಪದಕವನ್ನು ಕೊಡುತ್ತಿದ್ದಾರೆ. ಬರಿದಾಗಿದ್ದ ಕಪಾಟು ಇಂದು ಬರಿದಾಗಿಲ್ಲ.

ನಮ್ಮವರೂ ಈಗ ಹೊರದೇಶಗಳಲ್ಲಿ ನೆಲಸಿದ್ದಾರೆ. ರಾಜ್ಯೋತ್ಸವದ ದಿನ ಮಕ್ಕಳಿಗೆ ರೇಷ್ಮೆ ಉಡಿಸಿ ವೇದಿಕೆಯ ಮೇಲೆ ಹಾಡಿಸುತ್ತಾರೆ; ಸಂತೋಷದ ವಿಷಯ. ಆದರೆ ಉತ್ಸವಕ್ಕೆ ಕಂಠಪಾಠಮಾಡಿಸಿದ ಹಾಡು ಮಗುವಿನ ನಾಲಗೆಯಲ್ಲಿ ನಿಲ್ಲುವುದು ಎಷ್ಟು ದಿನ? ಮಲಗುವ ಹೊತ್ತಿನ ಕಥೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನು ಕೇಳಬೇಕು. ಹೊರದೇಶದವರನ್ನಷ್ಟೇ ಕೇಳಿ ಫಲವಿಲ್ಲ. ಬೆಂಗಳೂರಿನ ಮನೆಗಳಲ್ಲಿಯೂ ಕೇಳಬೇಕಾದ ಪ್ರಶ್ನೆ. ಅಜ್ಜಿಗೆ ಇಂಗ್ಲಿಷು ಬಾರದು, ಮೊಮ್ಮಗನಿಗೆ ಕನ್ನಡ ಬಾರದು, ನಡುವೆ ತಾಯಿ ದುಭಾಷಿಯಾಗಿ ನಿಂತಿದ್ದಾಳೆ. ಇಂತಹ ಸಂಸಾರಗಳನ್ನು ನಾವು ಬಲ್ಲೆವು. ಆ ಅಜ್ಜಿಯ ಹೊಟ್ಟೆಯಲ್ಲಿರುವ ಕಥೆಗಳಿಗೆ ಯಾವ ಪುಸ್ತಕಾಲಯದ ಕಪಾಟಿನಲ್ಲಿಯೂ ಸಂಖ್ಯೆ ಬಿದ್ದಿಲ್ಲ.

ಬೆಲ್‌ಪ್ರೇ ಅವರು ತಮ್ಮ ಶಾಖೆಯಲ್ಲಿ ನಡೆಸಿದ ಹಬ್ಬ ಯಾವುದು ಎಂಬುದನ್ನೂ ಹೇಳಿಬಿಡುತ್ತೇವೆ. ಹಿಸ್ಪಾನಿಕ್ ಮಾಸ ಆಗ ಇರಲಿಲ್ಲ. ಆಕೆ ಆರಿಸಿಕೊಂಡುದು ಜನವರಿ ೬ನ್ನು, ಶಿಶು ಯೇಸುವನ್ನು ಕಾಣಲು ಮೂವರು ಅರಸರು ಬಂದರೆಂದು ನೆನೆಯುವ ಹಬ್ಬವನ್ನು. ದ್ವೀಪದ ಮನೆಗಳಲ್ಲಿ ಮಕ್ಕಳಿಗೆ ಉಡುಗೊರೆ ತರುವವರು ಈ ಅರಸರು. ಹಿಂದಿನ ರಾತ್ರಿ ಮಕ್ಕಳು ಒಂದು ಪೆಟ್ಟಿಗೆಯಲ್ಲಿ ಹಸಿ ಹುಲ್ಲನ್ನು ತುಂಬಿ ಮಂಚದ ಕೆಳಗಿಡುತ್ತಾರೆ, ದೂರದಿಂದ ಬರುವ ಅರಸರ ವಾಹನಗಳಿಗೆ ಹಸಿವಾಗಿರುತ್ತದೆಯೆಂದು. ನ್ಯೂಯಾರ್ಕಿನಲ್ಲಿ ಜನವರಿಯೆಂದರೆ ಹಿಮದ ಕಾಲ, ಹಸುರು ಹುಲ್ಲು ಕಣ್ಣಿಗೆ ಬೀಳುವುದೇ ಕಷ್ಟ. ಆದರೂ ಆ ದಿನ ಅರಸರು ಪುಸ್ತಕಾಲಯಕ್ಕೆ ಬರುತ್ತಿದ್ದರು. ಮಕ್ಕಳು ಮೋಂಬತ್ತಿಯ ಬೆಳಕಿನಲ್ಲಿ ಕಥೆಗೆ ಕಾದು ಕುಳಿತಿರುತ್ತಿದ್ದರು.